ಮಕ್ಕಳ ಮಾತಿಗೆ ನಗೋದಾ, ಬೇಡ್ವಾ? ನಿಮ್ಮನೆ ಪುಟಾಣಿಗಳು ಏನಂದ್ರು ಹೇಳಿ

ಸರಸ್ವತಿಪುರಂ_ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ, ಮಾತು ಅರಳು ಹುರಿದ ಹಾಗೆ. ಹೋದ ತಿಂಗಳು ನಮ್ಮ ಮಾವನವರ ಸ್ನೇಹಿತರೊಬ್ರು ಮನೆಗೆ ಬಂದಿದ್ರು. ತಲೇಲಿ ಒಂದು ಕೂದಲೂ ಇಲ್ಲ. ಇವನು ಸೋಫಾ ಹತ್ತಿ ನಿಂತು ಅವರ ತಲೇನೇ ನೋಡಿ ನೋಡಿ, ತುಂಬಾ ಮರ್ಯಾದೆಯಿಂದ ಕೇಳ್ದ: "ತಾತ, ನಿಮ್ಮ ಹಣೆ ಎಲ್ಲಿ ಮುಗಿಯತ್ತೆ?" ಅವರು ಜೋರಾಗಿ ನಕ್ಕು, ತಲೆ ಬಗ್ಗಿಸಿ "ನೀನೇ ಹುಡುಕಪ್ಪ" ಅಂದ್ರು. ಇವನು ಎರಡೂ ಕೈಯಲ್ಲಿ ತಡವಿ ತಡವಿ ಹುಡುಕಿದ. ಅಲ್ಲೀವರೆಗೂ ಚೆನ್ನಾಗೇ ಇತ್ತು.

ತೊಂದರೆ ಶುರುವಾಗಿದ್ದು ಆಮೇಲೆ. ಈಗ ಮನೆಗೆ ಯಾರು ಬಂದ್ರೂ ನಮ್ಮತ್ತೆ "ಆ ಹಣೆ ಮಾತು ಹೇಳೋ ಕಂದ" ಅಂತ ಕರೀತಾರೆ. ನಾದಿನಿ ವಿಡಿಯೊ ಮಾಡಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಾಳೆ. ಎಲ್ಲರಿಗೂ ಪ್ರೀತಿನೇ, ಇಲ್ಲ ಅನ್ನಲ್ಲ. ಆದ್ರೆ ಇವನು ಕೇಳಿದ್ದು ನಿಜವಾಗ್ಲೂ ಉತ್ತರ ಬೇಕು ಅಂತ. ಯಾಕೆ ನಗ್ತಿದಾರೆ ಅಂತ ಅವನಿಗೆ ಗೊತ್ತಾಗ್ತಾ ಇಲ್ಲ. ಮೊನ್ನೆ ಪಕ್ಕದ ಮನೆಯವರು ಬಂದಾಗ ಪರದೆ ಹಿಂದೆ ಹೋಗಿ ನಿಂತ್ಕೊಂಡು "ನಾನು ಮಾತಾಡಲ್ಲ, ನೀವೆಲ್ಲ ನಗ್ತೀರ" ಅಂದ. ನನಗೆ ಕರುಳು ಚುರ್ರ್ ಅಂತು.

ನಿಮ್ಮನೇಲಿ ಹೇಗೆ? ನಗ್ತೀರಾ, ತಡ್ಕೊಳ್ತೀರಾ? ಹಾಗೇ ನಿಮ್ಮ ಮಕ್ಕಳ ಮಾತೂ ಒಂದೆರಡು ಹೇಳಿ, ಓದೋಣ.

ಹುಬ್ಬಳ್ಳಿ_ಕಾಕಾ
ಪ್ರಶ್ನೆ ಬರೋಬ್ಬರಿ ಐತಲ್ರೀ! ಆ ಹುಡುಗಗ ಉತ್ತರ ಯಾರ ಕೊಟ್ರಿ ಮತ್ತ?

ರಾತ್ರಿಪಾಳಿ_ಡಾಕ್ಟರ್
ಉತ್ತರ ನಾನು ಕೊಡ್ತೀನಿ. ತಾತನಿಗೆ ಹುಬ್ಬು ಮೇಲೆತ್ತೋಕೆ ಹೇಳಿ. ಅಡ್ಡಡ್ಡ ಸುಕ್ಕು ಬೀಳತ್ತಲ್ಲ, ಮೇಲಿನ ಕೊನೇ ಸುಕ್ಕು ಎಲ್ಲಿದ್ಯೋ ಹೆಚ್ಚುಕಮ್ಮಿ ಅಲ್ಲಿಗೆ ಹಣೆ ಮುಗೀತು. ಹುಬ್ಬು ಎತ್ತೋ ಸ್ನಾಯು ಅಲ್ಲೀವರೆಗೆ ಚರ್ಮವನ್ನ ಸುಕ್ಕು ಮಾಡತ್ತೆ, ಅದರ ಮೇಲಿಂದು ನೆತ್ತಿ. ಕೂದಲು ಇದ್ದಿದ್ರೆ ಶುರುವಾಗ್ತಿದ್ದದ್ದೂ ಸುಮಾರಾಗಿ ಅಲ್ಲಿಂದಲೇ. ಮುಂದಿನ ಸಲ ಅವರು ಬಂದಾಗ ಹುಡುಗನ ಕೈಯಿಂದಲೇ ತೋರಿಸಿ.

ಸರಸ್ವತಿಪುರಂ_ಅಮ್ಮ
ಡಾಕ್ಟ್ರೇ, ಇದನ್ನ ಈಗಲೇ ಅವನಿಗೆ ಹೇಳ್ತೀನಿ!

ಕೊಪ್ಪದ_ಕಾಫಿತೋಟ
ನಮ್ಮನೆ ಮಗಳದ್ದು ಕೇಳಿ. ಮೂರು ವರ್ಷ ಆಗಿತ್ತು ಆಗ. ಬಿದ್ದು ಮಂಡಿ ತರಚಿಕೊಂಡಿದ್ಲು. ಸಂಜೆ ಅವರಪ್ಪ ಬಂದ ಕೂಡ್ಲೇ ವರದಿ: "ಅಪ್ಪಾ, ನಾನು ಬೀಳಿದೆ. ಆಮೇಲೆ ತುಂಬಾ ಅಳಿದೆ."
ಇವರು ತಿದ್ದೋಕೆ ಹೋದ್ರು: "ಅಳಿದೆ ಅಲ್ಲ ಪುಟ್ಟಿ, ಅತ್ತೆ."
"ಅತ್ತೆ ಅಳ್ಲಿಲ್ಲ. ನಾನೇ ಅಳಿದ್ದು."
"ಅಲ್ಲಮ್ಮ, ನಾನು ಅತ್ತೆ ಅನ್ಬೇಕು."
ಅವಳು ಸೊಂಟಕ್ಕೆ ಕೈಯಿಟ್ಟು, "ನೀನು ಅತ್ತೆ ಅಲ್ಲ, ನೀನು ಅಪ್ಪ" ಅಂದ್ಲು. ಒಳಗೆ ಸೊಪ್ಪು ಬಿಡಿಸ್ತಾ ಕೂತಿದ್ದ ನಮ್ಮ ನಿಜವಾದ ಅತ್ತೆ "ಏನದು, ನನ್ನ ಹೆಸರು ಯಾಕೆ?" ಅಂತ ಎದ್ದು ಬಂದ್ರು.

ಮಂಡ್ಯ_ಬೆಲ್ಲ
ಅಯ್ಯೋ ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು ಕಣ್ರೀ.

ಭಾಷೆ_ಓದುವವಳು
ಕೊಪ್ಪದವರೇ, ನಿಮ್ಮ ಮಗಳು "ಅಳಿದೆ", "ಬೀಳಿದೆ" ಅಂದದ್ದು ನನಗೆ ಬಹಳ ಇಷ್ಟ ಆಯ್ತು. ಇದನ್ನ ಅವಳು ಯಾರ ಬಾಯಿಂದಲೂ ಕೇಳಿರೋಕೆ ಸಾಧ್ಯ ಇಲ್ಲ. ದೊಡ್ಡವರು ಯಾರೂ "ಬೀಳಿದೆ" ಅನ್ನಲ್ಲ. ಅಂದ್ರೆ ಮಾಡು–ಮಾಡಿದೆ, ಓಡು–ಓಡಿದೆ, ಹಾಡು–ಹಾಡಿದೆ ಇವೆಲ್ಲ ಕೇಳಿ ಕೇಳಿ ಒಂದು ನಿಯಮ ಕಂಡುಹಿಡಿದಿದಾಳೆ. ಅದನ್ನ ಅಳು, ಬೀಳು, ಕೊಡು ಎಲ್ಲದಕ್ಕೂ ಹಚ್ಚಿ ನೋಡ್ತಿದಾಳೆ. ಅವಳ ಲೆಕ್ಕ ಸರಿ ಇದೆ. ಅತ್ತೆ, ಬಿದ್ದೆ, ಕೊಟ್ಟೆ, ನಕ್ಕೆ ಅನ್ನೋವು ಆ ದಾರಿ ಬಿಟ್ಟು ನಡೆಯೋ ಪದಗಳು, ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಇದನ್ನೇ ಪರೀಕ್ಷೆ ಮಾಡಿದ್ರು. ಹಕ್ಕಿ ತರದ್ದೊಂದು ಪ್ರಾಣಿಯ ಚಿತ್ರ ಬರೆದು "ಇದು ವಗ್" ಅಂತ ಮಕ್ಕಳಿಗೆ ಹೇಳಿದ್ರು. ಆ ಪದ ಯಾವ ಭಾಷೇಲೂ ಇಲ್ಲ ಅನ್ನೋ ಲೆಕ್ಕದಲ್ಲಿ ಅವರೇ ಹುಟ್ಟಿಸಿದ್ದು. ಆಮೇಲೆ ಎರಡು ತೋರಿಸಿ "ಈಗ ಇಲ್ಲಿ ಎರಡು..." ಅಂತ ನಿಲ್ಲಿಸಿದ್ರೆ ಮಕ್ಕಳು "ವಗ್ಸ್" ಅಂದ್ರು. ಕೇಳೇ ಇಲ್ಲದ ಪದಕ್ಕೂ ಬಹುವಚನ ಮಾಡಿದ್ರು. ಬರೀ ಗಿಣಿಪಾಠ ಆಗಿದ್ರೆ ಹಾಗೆ ಬರ್ತಿರಲಿಲ್ಲ.

ನಿವೃತ್ತ_ಮೇಷ್ಟ್ರು
ತಾಯಿ, ವಿವರಣೆ ಚೆನ್ನಾಗಿದೆ. ಆದರೆ ತಪ್ಪನ್ನು ತಪ್ಪು ಎನ್ನದಿದ್ದರೆ ಅದೇ ರೂಢಿಯಾಗಿಬಿಡುತ್ತದೆ. "ಅಳಿದೆ" ಎಂದರೆ ಕನ್ನಡದಲ್ಲಿ ನಾಶವಾದೆ ಎಂಬ ಅರ್ಥ ಬೇರೆ ಬರುತ್ತದೆ. ಮೂರನೇ ವಯಸ್ಸಿನಲ್ಲೇ ಪ್ರೀತಿಯಿಂದ ತಿದ್ದಿದರೆ ಮುಂದೆ ಬರವಣಿಗೆ ಹಸನಾಗುತ್ತದೆ. ಈಗಿನ ತಂದೆ ತಾಯಿಗಳು ಎಲ್ಲಕ್ಕೂ "ಕ್ಯೂಟ್" ಎಂದು ಬಿಟ್ಟುಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಅಂಗನವಾಡಿ_ಅಕ್ಕ
ಮೇಷ್ಟ್ರೇ, ದಿನಾ ಇಪ್ಪತ್ತು ಮಕ್ಕಳ ಜೊತೆ ಇರೋಳು ನಾನು. "ತಪ್ಪು, ಹೀಗನ್ನು" ಅಂದ ತಕ್ಷಣ ಮಗು ಹೇಳ್ಬೇಕು ಅಂತಿದ್ದ ವಿಷಯಾನೇ ಬಿಟ್ಬಿಡತ್ತೆ. ನಾವು ಮಾಡೋದು ಹೀಗೆ. ಮಗು "ಟೀಚರ್, ಬಾಲು ಬೀಳಿತು" ಅಂದ್ರೆ, "ಹೌದಾ, ಬಾಲು ಬಿತ್ತಾ? ಎಲ್ಲಿ ಬಿತ್ತು?" ಅಂತ ಕೇಳ್ತೀವಿ. ಅದು "ಬಾವಿ ಹತ್ರ ಬಿತ್ತು" ಅಂತ ಉತ್ತರ ಕೊಡತ್ತೆ. ತಿದ್ದಿದ್ದು ಮಗೂಗೆ ಗೊತ್ತೂ ಆಗಲ್ಲ, ಸರಿ ಪದ ಕಿವಿಗೆ ಮೂರು ಸಲ ಬಿದ್ದಿರತ್ತೆ. ಎಷ್ಟೋ ಸಲ ಉತ್ತರದಲ್ಲೂ ಮತ್ತೆ "ಬೀಳಿತು" ಅಂತಾನೇ ಬರತ್ತೆ, ಬರಲಿ ಬಿಡಿ. ಒಂದನೇ ಕ್ಲಾಸಿಗೆ ಹೋಗೋ ಹೊತ್ತಿಗೆ "ಬೀಳಿತು" ಅನ್ನೋ ಮಕ್ಕಳು ಸಿಗೋದೇ ಕಷ್ಟ.

ನಿವೃತ್ತ_ಮೇಷ್ಟ್ರು
ಈ ಕ್ರಮ ಒಪ್ಪುವಂಥದ್ದು. ಆದರೆ ಬಹುವಚನ ಮಾತ್ರ ಸ್ಪಷ್ಟವಾಗಿ ಹೇಳಿಯೇ ಕಲಿಸಬೇಕು. ಹಿರಿಯರಿಗೆ "ನೀನು" ಎನ್ನುವ ಮಕ್ಕಳನ್ನು ಕಂಡರೆ ನನಗೆ ಕಸಿವಿಸಿ.

ಕುವೆಂಪುನಗರ_ಅಪ್ಪ
ಮೇಷ್ಟ್ರೇ, ನಾವು ಸ್ಪಷ್ಟವಾಗಿ ಹೇಳೇ ಕಲಿಸಿದ್ವಿ. "ದೊಡ್ಡವರಿಗೆ ಬಂದ್ರು, ಹೋದ್ರು ಅನ್ಬೇಕು, ಚಿಕ್ಕವರಿಗೆ ಬಂದ, ಹೋದ ಅನ್ಬಹುದು" ಅಂತ. ಆಮೇಲೆ ಮೈಸೂರು ಮೃಗಾಲಯಕ್ಕೆ ಕರ್ಕೊಂಡು ಹೋದ್ವಿ. ಮಗಳು ಆನೆ ಮುಂದೆ ನಿಂತು: "ಅಪ್ಪಾ ನೋಡು, ಆನೆ ಸ್ನಾನ ಮಾಡ್ತಿದಾರೆ!" ಜಿರಾಫೆ "ಸೊಪ್ಪು ತಿಂತಿದಾರೆ." ಘೇಂಡಾಮೃಗ "ಮಲಗಿದಾರೆ, ಗಲಾಟೆ ಮಾಡ್ಬೇಡ." ಕೋತಿ ಹತ್ರ ಬಂದಾಗ ಸ್ವಲ್ಪ ಯೋಚನೆ ಮಾಡಿ "ಇವನು ಚಿಕ್ಕವನು" ಅಂದ್ಲು. ಹಿಪ್ಪೊ ಬಾಯಿ ತೆಗೆದಾಗ ಕೈ ಮುಗಿದ್ಲು. ಅಕ್ಕಪಕ್ಕದಲ್ಲಿದ್ದವರೆಲ್ಲ ಹಿಪ್ಪೊ ಬಿಟ್ಟು ಇವಳನ್ನೇ ನೋಡ್ತಿದ್ರು.

ಭಾಷೆ_ಓದುವವಳು
ದೊಡ್ಡವರು ಅಂದ್ರೆ ದೊಡ್ಡವರೇ! ನೀವು ಕೊಟ್ಟ ನಿಯಮವನ್ನ ಅವಳು ಅಕ್ಷರಶಃ ಪಾಲಿಸಿದಾಳೆ.

ಶಿರಸಿ_ಅಪ್ಪೆಮಿಡಿ
ನಮ್ಮ ಸಣ್ಣವಳದ್ದು ಇದಕ್ಕೆ ಉಲ್ಟಾ. ತೊಟ್ಟಿಲ ಹುಡುಗಿ ಇದ್ದಾಗಿಂದ ನಾವೆಲ್ಲ "ಮಗು ಅಳ್ತಿದೆ, ಮಗು ಮಲಗಿದೆ" ಅಂತಾನೇ ಅಂತಿದ್ವಲ್ಲ. ಮೂರು ತುಂಬಿದ ಮೇಲೆ ಒಂದಿನ ನಾನು ಫೋನಲ್ಲಿ "ಮಗು ಊಟ ಮಾಡ್ತಾ ಇದೆ" ಅಂದೆ. ತಟ್ಟೆ ಕೆಳಗಿಟ್ಟು ಎದ್ದು ಬಂದು, "ನಾನು ಇದೆ ಅಲ್ಲ. ಬೆಕ್ಕು ಇದೆ. ನಾನು ಇದಾಳೆ" ಅಂತ ಸಿಟ್ಟಲ್ಲಿ ಹೇಳಿದ್ಲು. ಅವತ್ತಿಂದ ಮನೇಲಿ ಯಾರೂ ಅವಳಿಗೆ "ಇದೆ" ಅನ್ನಂಗಿಲ್ಲ.

ಕುಡ್ಲದ_ಬೊಂಡ
ನಮ್ಮ ಮನೆಯಿಂದ ಶಾಲೆಗೆ ದಿನಾ ಸಿಟಿ ಬಸ್ಸು ಮಾರಾಯ್ರೆ. ಕಂಡಕ್ಟರ್ "ರೈಟ್... ಪೋಯಿ!" ಅಂತ ತುಳುವಿನಲ್ಲಿ ಕೂಗಿದ ಮೇಲೆ ಬಸ್ಸು ಹೊರಡುವುದು ಅಲ್ವಾ, ನನ್ನ ಮಗನಿಗೆ ಅದೇ ಮಂತ್ರ. ಮೊನ್ನೆ ದೇವಸ್ಥಾನದಲ್ಲಿ ಮಂಗಳಾರತಿ ಆಯ್ತು, ಗಂಟೆ ನಿಂತಿತು, ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಇವನು ನನ್ನ ಹೆಗಲ ಮೇಲಿಂದ ಗರ್ಭಗುಡಿಗೆ ಎರಡು ಸಲ ತಟ್ಟುವ ಹಾಗೆ ಕೈ ಮಾಡಿ "ರೈಟ್... ಪೋಯಿ!" ಅಂತ ಕೂಗಿದ. ಭಟ್ರು ತೀರ್ಥ ಕೊಡುವಾಗ ಕೂಡ ನಗ್ತಾ ಇದ್ರು.

ಮಂಡ್ಯ_ಬೆಲ್ಲ
ಇದೇ ಇವತ್ತಿನ ಚಿನ್ನದ ಪದಕ. ಮುಗೀತು.

ಮೆಲ್ಬರ್ನ್_ಮಾವಿನಕಾಯಿ
ನಾವು ಮನೇಲಿ ಕಡ್ಡಾಯವಾಗಿ ಕನ್ನಡ. ಮಗ ಹುಟ್ಟಿದ್ದು ಇಲ್ಲೇ. ಅವನ ಪ್ರಪಂಚದಲ್ಲಿ ಕನ್ನಡ ಗೊತ್ತಿರೋದು ಅಪ್ಪ, ಅಮ್ಮ, ಫೋನ್ ಒಳಗಿರೋ ಅಜ್ಜಿ ತಾತನಿಗೆ ಮಾತ್ರ. ಐದು ವರ್ಷಕ್ಕೆ ಮೊದಲ ಸಲ ಊರಿಗೆ ಕರ್ಕೊಂಡು ಬಂದ್ವಿ. ದೇವನಹಳ್ಳಿ ಏರ್‌ಪೋರ್ಟಿಂದ ಹೊರಗೆ ಬಂದು ಟ್ಯಾಕ್ಸಿ ಹತ್ತಿದ್ವಿ, ಡ್ರೈವರ್ "ಎಲ್ಲಿಗೆ ಸಾರ್, ಲಗೇಜ್ ಎಷ್ಟಿದೆ?" ಅಂದ್ರು. ಇವನು ನನ್ನ ಕಿವಿ ಹಿಡಿದು ಎಳೆದು ಪಿಸುಗುಟ್ಟಿದ: "ಅಮ್ಮಾ, ಈ ಅಂಕಲ್‌ಗೆ ನಮ್ಮನೆ ಭಾಷೆ ಹೇಗೆ ಗೊತ್ತಾಯ್ತು?" ಅಂಗಡೀಲಿ, ಹೋಟ್ಲಲ್ಲಿ, ರಸ್ತೇಲಿ ಎಲ್ಲ ಕಡೆ ಅದೇ ಆಶ್ಚರ್ಯ. ಮಾರನೇ ದಿನ ನಮ್ಮಮ್ಮನನ್ನ ಕೇಳ್ತಾನೆ, "ಅಜ್ಜಿ, ಇವರಿಗೆಲ್ಲ ನೀನೇ ಹೇಳ್ಕೊಟ್ಯಾ?" ಅಮ್ಮ ಹೂಂ ಅಂದ್ಬಿಟ್ರು. ಅವನ ಕಣ್ಣಲ್ಲಿ ಅಜ್ಜಿ ಮೇಲೆ ಬಂದ ಗೌರವ ನೋಡ್ಬೇಕಿತ್ತು.

ಕೋರಮಂಗಲ_2ಬಿಎಚ್‌ಕೆ
ಎಲ್ಲ ಚೆನ್ನಾಗಿದೆ, ಆದ್ರೆ ಮೂಲ ಪ್ರಶ್ನೆಗೆ ನಾನು ಸ್ವಲ್ಪ ಬೇರೆ ಹೇಳ್ತೀನಿ. ಮಕ್ಕಳ ಮಾತಿಗೆ ನಗೋದೂ ತಪ್ಪು ಅಂದ್ರೆ ಮನೇಲಿ ಇನ್ಯಾವುದಕ್ಕೆ ನಗೋದು? ನಾವೆಲ್ಲ ಹಾಗೇ ಬೆಳೆದಿದ್ದು. ಅಜ್ಜಿ ಹತ್ತು ಜನರ ಮುಂದೆ ಹೇಳಿಸ್ತಿದ್ರು, ನಮಗೇನೂ ಆಗಿಲ್ಲ. ವಿಡಿಯೊ ಮಾಡಿದ್ರೂ ಏನೀಗ, ದೊಡ್ಡವನಾದ್ಮೇಲೆ ಅವನೇ ನೋಡಿ ಖುಷಿ ಪಡ್ತಾನೆ.

ಅಂಗನವಾಡಿ_ಅಕ್ಕ
ನಗೋದು ತಪ್ಪು ಅಂತ ಇಲ್ಲಿ ಯಾರೂ ಅಂದಿಲ್ಲ. ಆ ಹುಡುಗ ಪರದೆ ಹಿಂದೆ ಹೋಗಿ ನಿಂತಿದಾನೆ, ಅದನ್ನ ಓದಿದ್ರಾ? ಅವನು ಬೇಡ ಅಂತಿದಾನೆ. ಅಷ್ಟು ಸಾಕಲ್ವಾ ನಿಲ್ಲಿಸೋಕೆ.

ಬಾಣಸವಾಡಿ_ಇಬ್ಬರಮ್ಮ
ಕೋರಮಂಗಲದವರೇ, ಅಜ್ಜಿ ಹತ್ತು ಜನರ ಮುಂದೆ ಹೇಳಿಸಿದ್ದು ಆ ಹತ್ತು ಜನರಿಗೇ ಮುಗೀತು. ವಿಡಿಯೊ ಹಾಗಲ್ಲ. ನೆಂಟರ ಗುಂಪಿಂದ ಆಫೀಸ್ ಗುಂಪಿಗೆ, ಅಲ್ಲಿಂದ ಯಾರದೋ ರೀಲ್ಸಿಗೆ ಹೋಗಿರತ್ತೆ. ನನ್ನ ಗೆಳತಿ ಮಗಳು ಚಿಕ್ಕವಳಿದ್ದಾಗ ಕಮೋಡ್ ಮೇಲೆ ಕೂತು ಹಾಡಿದ ವಿಡಿಯೊ ಹೀಗೇ ಹೋಗಿ, ಈಗ ಏಳನೇ ಕ್ಲಾಸಲ್ಲಿ ಹುಡುಗರು ಅದೇ ಹಾಡಿ ರೇಗಿಸ್ತಾರೆ. ಆ ಹುಡುಗಿ ಅಳೋದನ್ನ ನಾನು ನೋಡಿದೀನಿ. ಬರೆದಿಡಿ ಸ್ವಾಮಿ, ಬರೆದಿಟ್ರೆ ಮಾತು ಉಳಿಯತ್ತೆ, ಮಗುವಿನ ಮುಖ ಊರೆಲ್ಲ ಸುತ್ತಲ್ಲ.

ಕೋರಮಂಗಲ_2ಬಿಎಚ್‌ಕೆ
ರೀಲ್ಸ್ ಬೇರೆ, ಅದು ಒಪ್ತೀನಿ. ಮನೆಯೊಳಗೆ ನಗೋದು ಮಾತ್ರ ನಾನು ಬಿಡಲ್ಲ.

ಧಾರವಾಡ_ಮಾಳಮಡ್ಡಿ
ಎಲ್ಲಾ ಮಾತೂ ನಗಸೂ ಮಾತ ಇರಂಗಿಲ್ರಿ. ಹೋದ ವರ್ಷ ನಮ್ಮ ಅಪ್ಪಾರು ತೀರಿಕೊಂಡ್ರು. ಮೊಮ್ಮಗಗ ನಾಕ ವರ್ಷ. ಅವಂಗ "ಅಜ್ಜ ದೇವರ ಕಡೆ ಹೋಗ್ಯಾರ" ಅಂತ ಹೇಳಿದ್ವಿ. ಹದಿಮೂರನೇ ದಿನಾ ಮುಗದು ನೆಂಟರೆಲ್ಲಾ ಹೋದ ಮ್ಯಾಲೆ, ನಮ್ಮವ್ವ ಬಾಗಲದಾಗಿನ ಅವರ ಚಪ್ಪಲಿ ನೋಡಿ ಅಳಾಕ ಹತ್ತಿದ್ಲು. "ಚಪ್ಪಲಿ ಸೈತ ಇಲ್ಲೇ ಬಿಟ್ಟ ಹ್ವಾದ್ರಲ್ಲ" ಅಂತ. ಈ ಹುಡುಗ ಹೋಗಿ ಬಾಜೂಕ ಕುಂತು, "ಅಜ್ಜಿ, ದೇವರ ಕಡೆ ಹೋಗೂ ಮುಂದ ಚಪ್ಪಲಿ ಬಿಟ್ಟ ಹೋಗಬೇಕು. ನೀನ ಹೇಳಿದ್ದೀ ಅಲ್ಲಾ, ಗುಡ್ಯಾಗ?" ಅಂದ.

ನಮ್ಮವ್ವ ಅವನ್ನ ತೊಡಿ ಮ್ಯಾಲೆ ಎಳಕೊಂಡು ಅಳತಾನ ನಕ್ಕಳು. ಆ ಚಪ್ಪಲಿ ಇನ್ನೂ ಅಲ್ಲೇ ಅದಾವ, ಯಾರೂ ತಗದಿಲ್ಲ. ಅವನ ಲೆಕ್ಕದಾಗ ಅಜ್ಜ ಬರೋಬ್ಬರಿ ರೀತೀಲೇ ಹೋಗ್ಯಾರ.

ಹುಬ್ಬಳ್ಳಿ_ಕಾಕಾ
ಕಣ್ಣಾಗ ನೀರ ತರಿಸಿದ್ರಿ.

ಸರಸ್ವತಿಪುರಂ_ಅಮ್ಮ
ಧಾರವಾಡದವರೇ, ಇದನ್ನ ಎರಡು ಸಲ ಓದಿದೆ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ತಿಪಟೂರು_ತೆಂಗು
ನಮ್ಮ ಕಡೆ ಕರೆಂಟ್ ಹೋಗೋದು ಬರೋದು ಇದ್ದಿದ್ದೇ. ಮಗ ಕೇಳ್ದ, "ಕರೆಂಟ್ ಯಾವೂರಿಗೆ ಹೋಯ್ತು?" ನಾನು ಸುಮ್ನೆ "ಅರಸೀಕೆರೆಗೆ" ಅಂದೆ. ಬಂದ ತಕ್ಷಣ ಬಲ್ಬ್ ಕೆಳಗೆ ನಿಂತು "ಊಟ ಆಯ್ತಾ?" ಅಂತ ವಿಚಾರಿಸ್ದ. ರಾತ್ರಿ ಅವರಮ್ಮ "ನಿದ್ದೆ ಬಂತಾ ಕಂದ?" ಅಂದ್ರೆ, "ಬಾಗಿಲು ಹಾಕಿದೀಯಲ್ಲ, ಹೆಂಗೆ ಬರತ್ತೆ?" ಅಂದ. ಎದ್ದು ಬಾಗಿಲು ತೆಗೆದ್ವಿ. ಐದು ನಿಮಿಷದಲ್ಲಿ ಮಲಗ್ದ.

ಭಾಷೆ_ಓದುವವಳು
ತಿಪಟೂರಿನವರೇ, ಸ್ವಿಸ್ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಇಂಥ ಮಾತುಗಳನ್ನೇ ವರ್ಷಗಟ್ಟಲೆ ಕೇಳಿ ಬರೆದಿಟ್ಟವರು. ಸೂರ್ಯ ಚಂದ್ರ ನಮ್ಮ ಹಿಂದೇನೇ ಬರ್ತಾವೆ, ಚಲಿಸೋದಕ್ಕೆಲ್ಲ ಜೀವ ಇದೆ ಅಂತ ಈ ವಯಸ್ಸಿನ ಮಕ್ಕಳು ನಂಬ್ತಾರೆ ಅಂತ ತೋರಿಸಿದ್ರು. ನಮ್ಮ ಭಾಷೇಲಂತೂ ಮಳೆ ಬರತ್ತೆ, ನಿದ್ದೆ ಬರತ್ತೆ, ಕೋಪ ಬರತ್ತೆ, ಕರೆಂಟೂ ಬರತ್ತೆ. ಮಗು ಇನ್ನೇನು ಅಂದ್ಕೊಳ್ಬೇಕು ಹೇಳಿ.

ಕನ್ನಡದ ಮಕ್ಕಳ ಮೇಲೇ ನಡೆದ ಇನ್ನೊಂದು ಅಧ್ಯಯನ ಇದೆ. ಚಿಕ್ಕ ಮಕ್ಕಳು "ಅಪ್ಪಾ, ನನ್ನ ಇಳಿ", "ಬೊಂಬೇನ ಮಲಗು" ಅಂತಾರಲ್ಲ, ಇಳಿಸು, ಮಲಗಿಸು ಅನ್ನೋ ಬದಲು? ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಮೂರು ವರ್ಷದ ಕನ್ನಡ ಮಕ್ಕಳಿಗೆ ಪ್ರಾಣಿ ಗೊಂಬೆ ಕೊಟ್ಟು, ಹೇಳಿದ ವಾಕ್ಯವನ್ನ ಆಡಿ ತೋರಿಸಿ ಅಂದ್ರು. 2003ರಲ್ಲಿ ಅದು ಪ್ರಕಟವಾಯ್ತು. ಮಕ್ಕಳು ಕ್ರಿಯಾಪದದ "ಇಸು" ಕಡೆ ಗಮನ ಕೊಡದೆ, ವಾಕ್ಯದಲ್ಲಿ ಎಷ್ಟು ಪ್ರಾಣಿ ಇವೆ ಅನ್ನೋದರ ಮೇಲೇ ಅರ್ಥ ಮಾಡ್ಕೊಂಡ್ರು. ಎರಡು ಪ್ರಾಣಿ ಇದ್ರೆ, ಒಂದು ಇನ್ನೊಂದಕ್ಕೆ ಏನೋ ಮಾಡ್ತು ಅಂತ. "ನನ್ನ ಇಳಿ" ಅಂದಾಗ ಅಪ್ಪನೂ ಇದಾನೆ, ನಾನೂ ಇದೀನಿ, ಅಷ್ಟು ಸಾಕಲ್ಲ, ಅರ್ಥ ಆಗ್ಬೇಕು!

ಹೊಸಪೇಟೆ_ಹಂಪೆ
ಯಾರಾದ್ರೂ ಹೇಳಿ, ನಿಮ್ಮ ಕಡೆ ಮಕ್ಕಳ ಅನ್ನಕ್ಕೆ ಏನಂತೀರಿ? ನಮ್ಮಲ್ಲಿ ಬುವ್ವ.

ಮಂಡ್ಯ_ಬೆಲ್ಲ
ಮಮ್ಮು. ನಿದ್ದೆಗೆ ತಾಚಿ. ದೇವರಿಗೆ ಚಾಮಿ.

ರಾತ್ರಿಪಾಳಿ_ಡಾಕ್ಟರ್
ಮಮ್ಮು ಅಂದಾಗ ನೆನಪಾಯ್ತು. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನನ್ನ ಗಮನಿಸಿ ಟಿಪ್ಪಣಿ ಇಟ್ಟಿದ್ದ, 1877ರಲ್ಲಿ ಅದನ್ನ ಲೇಖನವಾಗಿ ಪ್ರಕಟಿಸಿದ. ಮಗು ಒಂದು ವರ್ಷ ತುಂಬಿದಾಗ ತಿನ್ನೋದಕ್ಕೆ ತಾನೇ ಒಂದು ಪದ ಕಟ್ಟಿತು ಅಂತ ಬರೀತಾನೆ. ಆ ಪದ "ಮಮ್"!

ಮಂಡ್ಯ_ಬೆಲ್ಲ
ಇಂಗ್ಲೆಂಡಲ್ಲೂ ಮಮ್ಮು! ನಮ್ಮಜ್ಜಿಗೆ ಹೇಳ್ತೀನಿ ಇದನ್ನ.

ಎರಡುವರ್ಷದ_ಅಪ್ಪ
ನಡುವೆ ಒಂದು ಗಂಭೀರ ಪ್ರಶ್ನೆ, ಕ್ಷಮಿಸಿ. ನಮ್ಮವನಿಗೆ ಎರಡು ವರ್ಷ ನಾಲ್ಕು ತಿಂಗಳು. ಬಿಡಿ ಪದ ಬರತ್ತೆ, ಸೇರಿಸಿ ಹೇಳಲ್ಲ. ಎಲ್ಲರೂ "ಗಂಡುಮಕ್ಕಳು ಲೇಟು" ಅಂತಾರೆ. ಇಲ್ಲಿ ಎಲ್ಲರ ಮಕ್ಕಳ ಮಾತು ಓದಿ ಸ್ವಲ್ಪ ಹೆದರಿಕೆ ಆಯ್ತು.

ರಾತ್ರಿಪಾಳಿ_ಡಾಕ್ಟರ್
ಹೆದರಬೇಡಿ, ಆದ್ರೆ ಕಾಯಲೂಬೇಡಿ. "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಸೇರಿಸೋದು ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಬರಬೇಕು. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಜೊತೆಗೆ ವಾಕ್ ತಜ್ಞರನ್ನ ಕಾಣಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದಕ್ಕೇ ಮೀಸಲಾದ ಜಾಗ. ಎಷ್ಟೋ ಮಕ್ಕಳು ತಾವಾಗೇ ಹಿಡ್ಕೊಳ್ತಾರೆ ನಿಜ, ಯಾರು ಅಂತ ಮನೇಲಿ ಕೂತು ಗೊತ್ತಾಗಲ್ಲ. ಬೇಗ ಹೋದವರಿಗೆ ಲಾಭ.

ಎರಡುವರ್ಷದ_ಅಪ್ಪ
ಈ ವಾರವೇ ಹೋಗ್ತೀವಿ ಡಾಕ್ಟ್ರೇ.

ಕೊಪ್ಪದ_ಕಾಫಿತೋಟ
ಹೋಗಿ ಬನ್ನಿ, ಆಮೇಲೆ ಇಲ್ಲಿ ಬಂದು ಹೇಳಿ. ಅಂದ ಹಾಗೆ ನಮ್ಮ ಅಣ್ಣನ ಮಗ ಚಪಾತಿಗೆ "ಪಚಾತಿ", ಮೊಸರಿಗೆ "ಮೊರಸು" ಅಂತಿದ್ದ. ಈಗ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದ್ತಿದಾನೆ. ನಮ್ಮಲ್ಲಿ ಇವತ್ತಿಗೂ ಪಚಾತಿನೇ ಲಟ್ಟಿಸೋದು.

ಸರಸ್ವತಿಪುರಂ_ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅತ್ತೆ ಹತ್ರ ಕೂತು ಮಾತಾಡಿದೆ. ಧಾರವಾಡದವರು ಬರೆದಿದ್ದನ್ನ ಓದಿ ಹೇಳಿದೆ, ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ "ಇನ್ಮೇಲೆ ಕರೆಯಲ್ಲ ಬಿಡು" ಅಂದು, ಒಂಟಿಕೊಪ್ಪಲ್ ಪಂಚಾಂಗ ತಗೊಂಡು ಬಂದ್ರು. ಅದರ ಅಂಚಲ್ಲೆಲ್ಲ ಪೆನ್ಸಿಲಲ್ಲಿ ಇವನ ಮಾತು ಬರೆದಿಟ್ಟಿದಾರೆ, ಯಾವ ದಿನ ಏನಂದ ಅಂತ! ನನಗೆ ಗೊತ್ತೇ ಇರಲಿಲ್ಲ. ಕೆಲವು ನಾನು ಆಫೀಸಲ್ಲಿದ್ದಾಗ ಆಡಿದ್ದು. ನಾದಿನಿಗೂ ಹೇಳಿದೆ, ವಿಡಿಯೊ ತೆಗೆದುಹಾಕ್ತೀನಿ ಅಂದ್ಲು. ಕೋರಮಂಗಲದವರೇ, ನಗು ನಮ್ಮನೇಲೂ ನಿಂತಿಲ್ಲ, ಅವನೂ ನಗ್ತಿದ್ರೆ ನಾವೂ ನಗ್ತೀವಿ.

ಕೋರಮಂಗಲ_2ಬಿಎಚ್‌ಕೆ
ಪಂಚಾಂಗದಲ್ಲಿರೋದನ್ನೂ ಒಂದೆರಡು ಹಾಕಿ ಮತ್ತೆ!

ಕುಂದಾಪುರ_ಕೋಡಿ
ಡಾಕ್ಟ್ರು ಇದ್ರಾ ಇಲ್ಲಿ? ಮಗಳು ಈಗ ಮೀನುಪೇಟೆಯಿಂದ ಬಂದಾಗಿಂದ ಒಂದೇ ಪ್ರಶ್ನೆ, "ಮೀನಿಗೆ ಬಾಯಾರಿಕೆ ಆಗತ್ತಾ?" ಉತ್ತರ ಸಿಗೋವರೆಗೆ ಉಣ್ಣುದಿಲ್ಲ ಅಂತ ಕೂತಿದ್ಲು ಮಾರಾಯ್ರೆ.

ರಾತ್ರಿಪಾಳಿ_ಡಾಕ್ಟರ್
ನದಿ ಮೀನಿಗೆ ನೀರು ಮೈಯೊಳಗೆ ತಾನಾಗೇ ಸೇರ್ತಾ ಇರತ್ತೆ, ಅದು ಕುಡಿಯೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಬಂಗುಡೆ ತರದ ಸಮುದ್ರದ ಮೀನು ಹಾಗಲ್ಲ, ಉಪ್ಪು ನೀರು ಅದರ ಮೈಯಿಂದ ನೀರನ್ನ ಎಳೀತಾ ಇರತ್ತೆ. ಅದಕ್ಕೇ ಕುಡೀತಾನೇ ಇರ್ಬೇಕು.

ಕುಂದಾಪುರ_ಕೋಡಿ
ಹೇಳಿದೆ. "ಹಂಗಾರೆ ಅದಕ್ಕೆ ಉಪ್ಪು ಜಾಸ್ತಿ ಆಗುದಿಲ್ಯಾ?" ಅಂತ ಕೇಂತಿತ್ತ್.

ರಾತ್ರಿಪಾಳಿ_ಡಾಕ್ಟರ್
ಜಾಸ್ತಿ ಆದ ಉಪ್ಪನ್ನ ಕಿವಿರಿನಿಂದ ಹೊರಗೆ ಹಾಕತ್ತೆ ಅಂತ ಹೇಳಿ, ಊಟಕ್ಕೆ ಕೂರಿಸಿ. ಅದರ ಮುಂದಿನ ಪ್ರಶ್ನೆ ಬಂದ್ರೆ ಇಲ್ಲೇ ಬರೆದಿಡಿ, ವಾರ್ಡ್ ರೌಂಡ್ಸ್ ಮುಗಿಸಿ ಬರ್ತೀನಿ.